ಕಿವಿ ಮುಚ್ಕೊಂಡ್ರೇನೇ ಹಾರ್ನ್ ಚೆನ್ನಾಗಿ ಕೇಳ್ಸೋದು

ಹೈವೇಲಿ ಬೈಕ್ ಓಡಿಸೋವಾಗ ಇಯರ್‌ಪ್ಲಗ್ ಹಾಕ್ಕೊಳ್ತೀನಿ ಅಂತ ಯಾರ ಹತ್ರ ಹೇಳಿದ್ರೂ ಬರೋದು ಒಂದೇ ಮಾತು, "ಹುಚ್ಚಾ ನಿಂಗೆ, ಹಿಂದಿನ ಲಾರಿ ಹಾರ್ನ್ ಹೊಡೆದ್ರೆ ಕೇಳ್ಸೋದು ಹೆಂಗೆ?" ಇದನ್ನ ಕೇಳಿ ಕೇಳಿ ನಂಗೆ ಸಾಕಾಗಿದೆ. ಯಾಕಂದ್ರೆ ನಿಜ ಇದಕ್ಕೆ ಹೆಚ್ಚುಕಮ್ಮಿ ಉಲ್ಟಾ, ಮತ್ತೆ ಆ ಉಲ್ಟಾ ಇರೋದ್ರಲ್ಲೇ ಕಿವಿಯ ಬಗ್ಗೆ ನಂಗೆ ತುಂಬಾ ಇಷ್ಟವಾದ ವಿಷಯ ಇದೆ.

ಮೊದಲು ಸದ್ದು ಎಲ್ಲಿಂದ ಬರುತ್ತೆ ನೋಡೋಣ. ಎಲ್ರೂ ಸೈಲೆನ್ಸರ್ ಕಡೆ ಬೆರಳು ತೋರಿಸ್ತಾರೆ. ಎಲೆಕ್ಟ್ರಿಕ್ ಬೈಕ್ ಇರೋರನ್ನ ಕೇಳಿ, ಎಂಜಿನ್ನೇ ಇಲ್ಲ, ಆದ್ರೂ 80 ದಾಟಿದ ಮೇಲೆ ಹೆಲ್ಮೆಟ್ ಒಳಗೆ ಭೋರ್ ಅಂತಿರುತ್ತೆ. ಅದು ಗಾಳಿ. ಹೊಳೆ ನೀರು ಸೇತುವೆ ಕಂಬಕ್ಕೆ ಬಡಿದು ಹಿಂದೆ ಸುಳಿ ಸುಳಿಯಾಗಿ ಒಡೆಯುತ್ತಲ್ಲ, ಹಂಗೇ ಹೆಲ್ಮೆಟ್‌ನ ಅಂಚಲ್ಲಿ, ಅದರಲ್ಲೂ ಗದ್ದದ ಕೆಳಗೆ ಕುತ್ತಿಗೆ ಹತ್ರ ಗಾಳಿ ಸುಳಿಯಾಗಿ ಒಡೆಯುತ್ತೆ. ಕೊಳಲಿನ ತೂತಿನ ಅಂಚಿಗೆ ಉಸಿರು ತಾಗಿ ನಾದ ಹುಟ್ಟೋದೂ ಇದೇ ಜಾತಿಯ ಕೆಲಸ, ಅಲ್ಲಿ ಒಂದು ಸ್ವರ ಹುಟ್ಟುತ್ತೆ, ಇಲ್ಲಿ ಬರೀ ಗದ್ದಲ. ಗಟ್ಟಿ ವಸ್ತುವಿಗೆ ತಾಗಿದ ಗಾಳಿ ಎಷ್ಟು ಸದ್ದು ಮಾಡುತ್ತೆ ಅಂತ 1955ರಲ್ಲಿ ಕರ್ಲ್ ಅನ್ನೋ ವಿಜ್ಞಾನಿ ಲೆಕ್ಕ ಹಾಕಿದ್ರು: ಸದ್ದಿನ ಶಕ್ತಿ ವೇಗದ ಆರನೇ ಘಾತದಲ್ಲಿ ಏರುತ್ತೆ. ಅಂದ್ರೆ ವೇಗ ಎರಡು ಪಟ್ಟಾದ್ರೆ ಸದ್ದಿನ ಶಕ್ತಿ 64 ಪಟ್ಟು, ಡೆಸಿಬೆಲ್ ಲೆಕ್ಕದಲ್ಲಿ 18 ಜಾಸ್ತಿ. ಬೈಕ್ ಮೇಲೆ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಕೂರಲ್ಲ, ಆದ್ರೆ ಏರೋ ರೀತಿ ಇದೇ. ಊರೊಳಗೆ 40ರಲ್ಲಿ ಹೋಗೋವಾಗ ಯಾಕೆ ಏನೂ ಅನ್ಸಲ್ಲ, ಹೈವೇಗೆ ಬಂದ ತಕ್ಷಣ ಯಾಕೆ ತಲೆ ಚಿಟ್ ಹಿಡಿಯುತ್ತೆ ಅನ್ನೋದಕ್ಕೆ ಇಷ್ಟು ಸಾಕು.

100 ಕಿಮೀ ವೇಗದ ಆಸುಪಾಸಲ್ಲಿ ಹೆಲ್ಮೆಟ್ ಒಳಗೆ ಕಿವಿ ಹತ್ರ 95ರಿಂದ 100 ಡೆಸಿಬೆಲ್ ಬರೋದು ಮಾಮೂಲು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಪ್ರಕಾರ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಆಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ ಆಗ್ತಾ ಹೋಗುತ್ತೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. ಬೆಂಗಳೂರಿಂದ ಚಿತ್ರದುರ್ಗ 200 ಕಿಮೀ. ತುಮಕೂರು ತಲುಪೋಕೆ ಮುಂಚೆನೇ ಕಿವಿಯ ಇವತ್ತಿನ ಕೋಟಾ ಮುಗಿದಿರುತ್ತೆ. ಫುಲ್ ಫೇಸ್ ಹೆಲ್ಮೆಟ್ ಇದೆಯಲ್ಲ ಅಂದ್ರೆ, ಅದರೊಳಗಿನ ಥರ್ಮಾಕೋಲ್ ಇರೋದು ಪೆಟ್ಟು ತಡೆಯೋಕೆ, ಗಾಳಿಯ ಈ ದಪ್ಪ, ಅಂದ್ರೆ ತಗ್ಗು ಸ್ಥಾಯಿಯ ಸದ್ದನ್ನ ಅದು ತಡೆಯೋದು ಅಷ್ಟಕ್ಕಷ್ಟೇ.

ಈಗ ಹಾರ್ನ್ ವಿಷಯಕ್ಕೆ ಬರ್ತೀನಿ. ಒಳಕಿವಿಯಲ್ಲಿ ಬಸವನಹುಳದ ಚಿಪ್ಪಿನ ಥರ ಸುತ್ತಿರೋ ಒಂದು ನಾಳ ಇದೆ, ಅದರೊಳಗೆ ಉದ್ದಕ್ಕೂ ಒಂದು ಪೊರೆ, ಪೊರೆ ಮೇಲೆ ಸುಮಾರು 15,000 ಕೂದಲುಕೋಶ, ಅಂದ್ರೆ ಸದ್ದನ್ನ ಹಿಡಿಯೋ ಕೋಶಗಳು. ಬಾಗಿಲ ಹತ್ರ ಇರೋ ಕೋಶಗಳು ಕೀರಲು ಸದ್ದಿಗೆ, ತುದಿಯಲ್ಲಿರೋವು ದಪ್ಪ ಸದ್ದಿಗೆ. ಸದ್ದು ಈ ಪೊರೆ ಮೇಲೆ ಅಲೆಯಾಗಿ ಓಡಿ ತನ್ನ ಜಾಗದಲ್ಲಿ ಉಬ್ಬಿ ನಿಲ್ಲುತ್ತೆ, ಇದನ್ನ ಕಂಡುಹಿಡಿದಿದ್ದಕ್ಕೇ 1961ರಲ್ಲಿ ಬೆಕೆಶಿ ಅನ್ನೋ ವಿಜ್ಞಾನಿಗೆ ನೊಬೆಲ್ ಬಂತು. ಗಮನಿಸಿ, ದಪ್ಪ ಸದ್ದು ತುದಿ ಮುಟ್ಟಬೇಕಾದ್ರೆ ಕೀರಲು ಸದ್ದಿನ ಜಾಗ ದಾಟ್ಕೊಂಡೇ ಹೋಗ್ಬೇಕು! ಸಣ್ಣ ಸದ್ದಾದ್ರೆ ಪರವಾಗಿಲ್ಲ, ಬಸ್ಸಲ್ಲಿ ಹಿಂದಿನ ಸೀಟಿಗೆ ಹೋಗೋ ಸಣಕಲ ಮನುಷ್ಯ ಮುಂದಿನೋರಿಗೆ ತಾಗದೆ ಹೋಗ್ತಾನೆ. ಅದೇ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತೋನು ಹತ್ತಿದ್ರೆ ಬಾಗಿಲಿಂದ ಹಿಂದಿನ ಸೀಟಿನವರೆಗೂ ಎಲ್ಲರ ಮುಖಕ್ಕೂ ಸವರ್ಕೊಂಡೇ ಹೋಗ್ತಾನೆ. 100 ಡೆಸಿಬೆಲ್ ಗಾಳಿ ಸದ್ದು ಆ ಹೊರೆ. ಅದು ಮುಂದಿನ ಕೋಶಗಳನ್ನೂ ಅಲ್ಲಾಡಿಸ್ತಾ ಇರೋದ್ರಿಂದ, ಹಾರ್ನ್‌ನಲ್ಲಿರೋ ಚೂಪು ಸ್ವರಗಳು ಬಂದು ಕದ ತಟ್ಟಿದ್ರೂ ಆ ಕೋಶಗಳು ಬೇರೆ ಗಲಾಟೆಯಲ್ಲಿ ಮುಳುಗಿರ್ತವೆ. ತೇರಿನ ಮುಂದೆ ತಮಟೆ ಬಡಿಯೋವಾಗ ಪಕ್ಕದೋರು ಕೂಗಿದ್ದು ಕೇಳ್ಸಲ್ಲ, ಎರಡೂ ಕಿವಿ ಬೆರಳಿಂದ ಅರ್ಧ ಮುಚ್ಚಿ ನೋಡಿ, ಎಷ್ಟೋ ಸಲ ಮಾತು ತಿಳಿಯುತ್ತೆ. ಉರಿ ಬಿಸಿಲಲ್ಲಿ ಕೂಲಿಂಗ್ ಗ್ಲಾಸ್ ಹಾಕಿದ್ರೆ ಬೆಳಕು ಕಮ್ಮಿಯಾದ್ರೂ ರಸ್ತೆ ಸ್ಪಷ್ಟವಾಗುತ್ತಲ್ಲ, ಹಂಗೆ. ಪ್ಲಗ್ ಗಾಳಿ ಸದ್ದನ್ನೂ ಹಾರ್ನನ್ನೂ ಎರಡನ್ನೂ ಇಳಿಸುತ್ತೆ, ಇಳಿದ ಮೇಲೆ ಕಿವಿ ತನಗೆ ಸಲೀಸಾದ ಮಟ್ಟದಲ್ಲಿ ಎರಡನ್ನೂ ಬೇರೆ ಮಾಡ್ಕೊಳ್ಳುತ್ತೆ. ಕಾರ್ಲ್ ಕ್ರೈಟರ್ ಅನ್ನೋ ವಿಜ್ಞಾನಿ ಇದನ್ನ 1946ರಲ್ಲೇ ಅಳೆದು ತೋರಿಸಿದ್ರು, ಜೋರು ಗದ್ದಲದಲ್ಲಿ ಪ್ಲಗ್ ಹಾಕ್ಕೊಂಡೋರಿಗೇ ಮಾತು ಹೆಚ್ಚು ಅರ್ಥವಾಯ್ತು.

ಇದು ಆರೋಗ್ಯವಾಗಿರೋ ಕಿವಿಯ ಮಾತು. ಈಗಾಗಲೇ ಕಿವಿ ಮಂದ ಆಗಿದ್ರೆ ಪ್ಲಗ್‌ನಿಂದ ಹಾರ್ನ್ ನಿಜವಾಗ್ಲೂ ಕೈತಪ್ಪಬಹುದು, ಹಾಗಾಗಿ ಮೊದ್ಲು ಪರೀಕ್ಷೆ ಮಾಡಿಸ್ಕೊಳ್ಳಿ, ಮೈಸೂರಲ್ಲಿ ವಾಕ್ ಶ್ರವಣ ಸಂಸ್ಥೆನೇ ಇದೆ. ಟ್ರಾಫಿಕ್‌ನಲ್ಲಿ ನಿಧಾನಕ್ಕೆ ಹೋಗೋವಾಗ ಪ್ಲಗ್ ಬೇಕಿಲ್ಲ, ತೆಗೆದಿಡಿ.

"ಮೊದಮೊದಲು ಹಂಗಾಗುತ್ತೆ, ಆಮೇಲೆ ಒಗ್ಗಿಹೋಗುತ್ತೆ" ಅನ್ನೋ ಮಾತು ನಂಗೆ ಭಯ ಹುಟ್ಟಿಸುತ್ತೆ. ಗ್ಲಾಸ್ಗೋದ ಬಾಯ್ಲರ್ ಕೆಲಸಗಾರರಿಗೂ ಒಗ್ಗಿಹೋಗಿತ್ತು, ಉಕ್ಕಿನ ತಗಡಿಗೆ ರಿವೆಟ್ ಬಡಿಯೋರು ಅವರು. 1886ರಲ್ಲಿ ಥಾಮಸ್ ಬಾರ್ ಅನ್ನೋ ವೈದ್ಯರು ಅಂಥ ನೂರು ಜನರ ಕಿವಿ ಪರೀಕ್ಷೆ ಮಾಡಿದ್ರೆ ಸರಿಯಾಗಿ ಕೇಳ್ಸೋನು ಒಬ್ಬನೂ ಸಿಗಲಿಲ್ಲ. ಒಗ್ಗೋದು ಅಂದ್ರೆ ಕೂದಲುಕೋಶ ಸಾಯೋದು. ಹಕ್ಕಿಗಳಿಗೆ ಅವು ಮತ್ತೆ ಹುಟ್ಟುತ್ವೆ, ನಮಗಿಲ್ಲ. ಮೊದಲು ಹೋಗೋದು 4,000 ಹರ್ಟ್ಸ್ ಆಸುಪಾಸು, ಅಂದ್ರೆ ಸ, ಶ, ತ, ಕ ಇಂಥ ವ್ಯಂಜನಗಳ ಸೂಕ್ಷ್ಮ ಇರೋ ಕಡೆ. ಸ್ವರಗಳು ದಪ್ಪ ಸದ್ದು, ಅವು ಉಳ್ಕೊಳ್ತವೆ. ಅದಕ್ಕೇ ಅಂಥವರು "ಕೇಳ್ಸುತ್ತೆ, ಏನಂದ್ರಿ ಅಂತ ಗೊತ್ತಾಗಲ್ಲ" ಅಂತಾರೆ. ರಾತ್ರಿ ಮನೆಗೆ ಬಂದಾಗ ಕಿವಿ ಗುಂಯ್ ಅಂತಿದ್ರೆ ನಮ್ಮ ಕಡೆ ಬಿಸಿ ಎಣ್ಣೆ ಬಿಡ್ತಾರೆ. ದಯವಿಟ್ಟು ಬಿಡಬೇಡಿ. ಪೆಟ್ಟು ಬಿದ್ದಿರೋದು ಕಿವಿ ತಮಟೆಯ ಆಚೆ ಮೂಳೆಯೊಳಗೆ, ಎಣ್ಣೆ ಅಲ್ಲಿಗೆ ಹೋಗೋದೇ ಇಲ್ಲ, ಕಿವಿ ತಮಟೆ ತೂತಾಗಿದ್ರೆ ಸೋಂಕು ಬೇರೆ. ಮಾರನೇ ದಿನ ಗುಂಯ್ ನಿಂತ್ರೆ ವಾಸಿಯಾಯ್ತು ಅನ್ಕೊಳ್ಳೋದೂ ತಪ್ಪಿರಬಹುದು. 2009ರಲ್ಲಿ ಕುಜಾವಾ, ಲಿಬರ್‌ಮನ್ ಅನ್ನೋ ವಿಜ್ಞಾನಿಗಳು ಇಲಿಗಳಲ್ಲಿ ನೋಡಿದ್ದು ಇದನ್ನೇ, ಕೇಳೋ ಶಕ್ತಿ ವಾಪಸ್ ಬಂದಿತ್ತು, ಆದ್ರೆ ಕೋಶಕ್ಕೂ ನರಕ್ಕೂ ಇರೋ ಜೋಡಣೆಗಳು ಖಾಯಂ ಕಡಿದುಹೋಗಿದ್ವು.

ಹತ್ತಿ ಸಾಲದು, ಅದರ ಸಂದುಗಳಲ್ಲಿ ಸದ್ದು ನುಸುಳುತ್ತೆ. ಮೆಡಿಕಲ್ ಶಾಪಲ್ಲಿ ಸಿಗೋ ಫೋಮ್ ಪ್ಲಗ್ ಸಾಕು, ಆದ್ರೆ ಅದು ಕೀರಲು ಸದ್ದನ್ನ ಸ್ವಲ್ಪ ಜಾಸ್ತಿನೇ ಇಳಿಸುತ್ತೆ, ಬೇಡ ಅನ್ಸಿದ್ರೆ ಬೈಕರ್‌ಗಳಿಗೆ ಅಂತ ಬರೋ ಫಿಲ್ಟರ್ ಪ್ಲಗ್ ತಗೊಳ್ಳಿ. ಪ್ಯಾಕೆಟ್ ಮೇಲೆ 30 ಡೆಸಿಬೆಲ್ ಅಂತ ಬರೆದಿದ್ರೂ ಸಡಿಲ ಹಾಕಿದ್ರೆ ಅರ್ಧವೂ ಸಿಗಲ್ಲ. ಕೈ ತೊಳ್ಕೊಂಡು, ಫೋಮನ್ನ ಸುಕ್ಕಿಲ್ಲದ ಹಾಗೆ ಬತ್ತಿ ಥರ ಸಣ್ಣಕ್ಕೆ ಹೊಸೆದು, ಇನ್ನೊಂದು ಕೈನ ತಲೆ ಹಿಂದಿಂದ ತಂದು ಕಿವಿಯನ್ನ ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ಸೇರಿಸಿ, ಅರ್ಧ ನಿಮಿಷ ಬೆರಳಿಂದ ಒತ್ತಿ ಹಿಡ್ಕೊಳ್ಳಿ. ಆಮೇಲೆ ಏನಾದ್ರೂ ಮಾತಾಡಿ ನೋಡಿ, ನಿಮ್ಮ ದನಿ ನಿಮಗೇ ಕೊಡದೊಳಗಿಂದ ಬಂದ ಹಾಗೆ ಗುಮ್ ಅಂತ ಕೇಳ್ಸಿದ್ರೆ ಸರಿಯಾಗಿ ಕೂತಿದೆ, ಹೆಲ್ಮೆಟ್ ಹಾಕ್ಕೋಬಹುದು.