ಧರ್ಮಕ್ಕೆ ಬಂದ ಮ್ಯೂಸಿಯಂ, ಮೊಳ ಹಾಕಿದ ಊರುಗಳು

ರಾತ್ರಿ ಹೊತ್ತು. ಬಾಗಿಲು ಮುಚ್ಚಿದ ಕ್ಷೌರದಂಗಡಿಯ ಗಾಜಿಗೆ ಮುಖ ಒತ್ತಿ ಒಳಗೆ ಇಣುಕಿದ ಹಾಗೆ ಬರೆದ ಚಿತ್ರ ಅದು. ಮುಂದಿನ ಕೋಣೆಯಲ್ಲಿ ಕತ್ತಲು: ಖಾಲಿ ಕುರ್ಚಿ, ಒಂದು ಒಲೆ, ಸುಮ್ಮನೆ ಕೂತ ಬೆಕ್ಕು. ಹಿಂದಿನ ಕೋಣೆಯಲ್ಲಷ್ಟೇ ದೀಪ. ಅಲ್ಲಿ ಮೂವರು ಕೂತು ವಾದ್ಯ ನುಡಿಸುತ್ತಿದ್ದಾರೆ. ನಾರ್ಮನ್ ರಾಕ್‌ವೆಲ್ ಇದನ್ನು 1950ರಲ್ಲಿ ಒಂದು ಪತ್ರಿಕೆಯ ಮುಖಪುಟಕ್ಕೆಂದು ಬರೆದರು. ಓದಿ ಮುಗಿಸಿ ರದ್ದಿಗೆ ಹಾಕುವ ಪತ್ರಿಕೆ. ಮೂಲಚಿತ್ರ ಮಾತ್ರ ಮ್ಯಾಸಚೂಸೆಟ್ಸ್‌ನ ಬರ್ಕ್‌ಷೈರ್ ಮ್ಯೂಸಿಯಂನಲ್ಲಿ ಉಳಿದಿತ್ತು. ದುಡ್ಡಿನ ಮುಗ್ಗಟ್ಟಿನಲ್ಲಿದ್ದ ಆ ಮ್ಯೂಸಿಯಂ ಅದನ್ನು ಮಾರಲು ಹೊರಟಾಗ ರಾಕ್‌ವೆಲ್ ಮಕ್ಕಳೇ ಕೋರ್ಟಿನ ಮೆಟ್ಟಿಲು ಹತ್ತಿದರು. ಕೊನೆಗೆ 2018ರಲ್ಲಿ ಅದನ್ನು ಕೊಂಡದ್ದು ಗೋಡೆ, ಚಾವಣಿ ಎರಡೂ ಇಲ್ಲದ ಇನ್ನೊಂದು ಮ್ಯೂಸಿಯಂ. ಅದರ ಪಾಯ ತೋಡಲು ಶುರುವಾಗಿ ಒಂದು ತಿಂಗಳಾಗಿತ್ತಷ್ಟೆ. ಅದಕ್ಕೂ ಮೊದಲು ಅದು ಜಾಗಕ್ಕಾಗಿ ಊರೂರು ಅಲೆದು ಬಂದಿತ್ತು.

ಇದು ಲ್ಯೂಕಸ್ ಮ್ಯೂಸಿಯಂ ಆಫ್ ನರೇಟಿವ್ ಆರ್ಟ್, ಅಂದರೆ ಕಥೆ ಹೇಳುವ ಕಲೆಯ ಮ್ಯೂಸಿಯಂ. ಕಟ್ಟಿಸುತ್ತಿರುವವರು ಸ್ಟಾರ್ ವಾರ್ಸ್ ಖ್ಯಾತಿಯ ಜಾರ್ಜ್ ಲ್ಯೂಕಸ್. 2012ರಲ್ಲಿ ತಮ್ಮ ಕಂಪನಿಯನ್ನು ಸುಮಾರು 400 ಕೋಟಿ ಡಾಲರಿಗೆ ಡಿಸ್ನಿಗೆ ಮಾರಿದ ಮನುಷ್ಯ. ಅವರ ಸಂಗ್ರಹದಲ್ಲಿರುವುದು ಪತ್ರಿಕೆಯ ಮುಖಪುಟಗಳು, ಮಕ್ಕಳ ಕಥೆಪುಸ್ತಕದ ಚಿತ್ರಗಳು, ಕಾಮಿಕ್ಸ್‌ನ ಮೂಲ ಹಾಳೆಗಳು, ಸಿನಿಮಾದ ಉಡುಗೆ, ಮಾದರಿ, ರೇಖಾಚಿತ್ರಗಳು. ರಾಕ್‌ವೆಲ್, ಎನ್.ಸಿ. ವೈಯೆತ್, ಮ್ಯಾಕ್ಸ್‌ಫೀಲ್ಡ್ ಪ್ಯಾರಿಷ್, ಜ್ಯಾಕ್ ಕರ್ಬಿ, ಹೀಗೆ ಅಮೆರಿಕದ ಜನಪ್ರಿಯ ಚಿತ್ರಕಾರರು. ನಮ್ಮ ಕಡೆ ಹೇಳುವುದಾದರೆ ಚಂದಮಾಮದ ಎಂ.ಟಿ.ವಿ. ಆಚಾರ್ಯ ಮತ್ತು ಕಲಬುರಗಿಯಿಂದ ಮುಂಬಯಿಗೆ ಹೋಗಿ ಕ್ಯಾಲೆಂಡರ್, ಸಿನಿಮಾ ಪೋಸ್ಟರ್ ಬರೆದ ಎಸ್.ಎಂ. ಪಂಡಿತರ ಸಾಲು. ಮನೆ ಗೋಡೆಯ ಮೊಳೆಗೆ ನೇತುಬಿದ್ದು ಲಕ್ಷಾಂತರ ಜನ ನೋಡಿದ ಚಿತ್ರಗಳು. ಗ್ಯಾಲರಿಯವರು ಮಾತ್ರ ಬಹುಕಾಲ ಒಳಗೆ ಬಿಟ್ಟುಕೊಳ್ಳದ ಚಿತ್ರಗಳು.

ಲ್ಯೂಕಸ್ ಮುಂದಿಟ್ಟದ್ದು ಸರಳವಾದ ಮಾತು. ಕಟ್ಟಡ ನನ್ನದು, ಸಂಗ್ರಹ ನನ್ನದು, ಮುಂದೆ ನಡೆಸಲು ನೂರಾರು ಮಿಲಿಯನ್ ಡಾಲರ್ ನಿಧಿಯೂ ನನ್ನದೇ. ನೀವು ಜಾಗ ಕೊಡಿ. ಸ್ಪೇನಿನ ಬಿಲ್ಬಾವೊದಲ್ಲಿ 1997ರಲ್ಲಿ ಗುಗೆನ್‌ಹೈಮ್ ಮ್ಯೂಸಿಯಂ ತೆರೆದ ಮೇಲೆ, ಒಂದು ವಿಚಿತ್ರ ಕಟ್ಟಡ ಎದ್ದರೆ ಊರಿನ ನಸೀಬೇ ಬದಲಾಗುತ್ತದೆ ಎಂಬ ನಂಬಿಕೆ ಜಗತ್ತಿನ ಮೇಯರ್‌ಗಳ ತಲೆ ಹೊಕ್ಕಿತ್ತು. ಬಿಲ್ಬಾವೊ ಪ್ರಾಂತದವರು ಅದಕ್ಕೆ ಸ್ವಂತ ಬೊಕ್ಕಸದ ದುಡ್ಡು ಸುರಿದಿದ್ದರು. ಇಲ್ಲಿ ದಾನಿಯೇ ಥೈಲಿ ಹಿಡಿದು ನಿಂತಿದ್ದಾನೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನಮ್ಮಲ್ಲಿ ಹಂಗಿಸುವ ಗಾದೆಯೊಂದಿದೆ. ಅಮೆರಿಕದ ಎರಡು ಊರುಗಳು ಈ ದಟ್ಟಿಗೆ ಮೊಳ ಹಾಕಿಯೇ ಹಾಕಿದವು. ಹಾಕಿದ್ದು ತಪ್ಪಲ್ಲ ಎಂದೇ ನನಗೆ ಅನಿಸುತ್ತದೆ.

ಮೊದಲ ಊರು ಸ್ಯಾನ್ ಫ್ರಾನ್ಸಿಸ್ಕೊ. ಗೋಲ್ಡನ್ ಗೇಟ್ ಸೇತುವೆಯ ಬುಡದಲ್ಲಿರುವ ಪ್ರೆಸಿಡಿಯೊ 1776ರಲ್ಲಿ ಸ್ಪೇನಿನವರು ಹಾಕಿದ ಸೇನಾ ಠಾಣೆ. ಕೊನೆಗೆ ಅಮೆರಿಕದ ಸೇನೆಯ ಕೈಯಲ್ಲಿತ್ತು. 1994ರಲ್ಲಿ ಸೇನೆ ಗುಡಾರ ಕಿತ್ತಿತು, ಜಾಗ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ಅದನ್ನು ನೋಡಿಕೊಳ್ಳಲು 1996ರಲ್ಲಿ ಅಮೆರಿಕದ ಸಂಸತ್ತು ಒಂದು ಟ್ರಸ್ಟ್ ಮಾಡಿತು. 2013ರ ಹೊತ್ತಿಗೆ ಸರ್ಕಾರದ ದುಡ್ಡಿಲ್ಲದೆ ಸ್ವಂತ ಕಾಲ ಮೇಲೆ ನಿಲ್ಲಬೇಕೆಂದು ಕರಾರು ಹಾಕಿತು. ಅಂದರೆ ಉದ್ಯಾನಕ್ಕೆ ಬಾಡಿಗೆದಾರರು ಬೇಕೇ ಬೇಕು. ಲ್ಯೂಕಸ್ ಆಗಲೇ ಅಲ್ಲಿನ ದೊಡ್ಡ ಬಾಡಿಗೆದಾರ. ಹಳೆಯ ಸೇನಾ ಆಸ್ಪತ್ರೆಯ ಜಾಗದಲ್ಲಿ ಅವರ ಡಿಜಿಟಲ್ ಆರ್ಟ್ಸ್ ಕೇಂದ್ರ 2005ರಲ್ಲೇ ತೆರೆದಿತ್ತು.

ಮ್ಯೂಸಿಯಂಗೆ ಅವರು ಕಣ್ಣಿಟ್ಟದ್ದು ನೀರಿನಂಚಿನ ಕ್ರಿಸ್ಸಿ ಫೀಲ್ಡ್ ಎದುರಿನ ಜಾಗದ ಮೇಲೆ. ಹಿಂದೆ ಸೈನಿಕರ ದಿನಸಿ ಅಂಗಡಿಯಾಗಿದ್ದ, ಆಮೇಲೆ ಆಟದ ಸಾಮಾನಿನ ಮಳಿಗೆಯಾಗಿದ್ದ ಕಟ್ಟಡ ಅಲ್ಲಿತ್ತು. ಕಟ್ಟಡಕ್ಕೆ ಅಂಥ ಚೆಲುವೇನೂ ಇರಲಿಲ್ಲ. ಆದರೆ ಅಲ್ಲಿ ನಿಂತರೆ ಸೇತುವೆಯೂ ಕೊಲ್ಲಿಯೂ ಒಂದೇ ನೋಟಕ್ಕೆ ಸಿಗುತ್ತವೆ. ಅದೇ ಉದ್ಯಾನದಲ್ಲಿ ಗ್ಯಾಪ್ ಬಟ್ಟೆ ಕಂಪನಿಯ ಡಾನ್ ಫಿಷರ್ ತಮ್ಮ ಆಧುನಿಕ ಕಲಾಸಂಗ್ರಹಕ್ಕೆ ಮ್ಯೂಸಿಯಂ ಕಟ್ಟುತ್ತೇನೆಂದು 2007ರಲ್ಲಿ ಹೊರಟಿದ್ದರು. ಸುತ್ತಲಿನವರ ವಿರೋಧಕ್ಕೆ ಸೋತು 2009ರಲ್ಲಿ ಹಿಂದೆ ಸರಿದರು, ಅದೇ ವರ್ಷ ತೀರಿಕೊಂಡರು. ಆ ಪಾಠ ಕಣ್ಣೆದುರೇ ಇತ್ತು. ಆದರೂ ಲ್ಯೂಕಸ್ ಹಳೆಯ ಕಾಲದ ಕಮಾನು ಗುಮ್ಮಟಗಳ ಭಾರೀ ಕಟ್ಟಡದ ನಕ್ಷೆ ಹಿಡಿದು ಬಂದರು. ಗಾತ್ರ ಹೆಚ್ಚಾಯಿತು, ಶೈಲಿ ಒಗ್ಗಲಿಲ್ಲ ಎಂದು ಟ್ರಸ್ಟ್ ಮತ್ತೆ ಮತ್ತೆ ಹೇಳಿತು. 2014ರ ಫೆಬ್ರವರಿ 3ರಂದು, ಆ ಜಾಗಕ್ಕಾಗಿ ಕೊನೆಯ ಸುತ್ತಿನಲ್ಲಿದ್ದ, ಲ್ಯೂಕಸ್ ಅವರದೂ ಸೇರಿದ ಮೂರೂ ಪ್ರಸ್ತಾವಗಳನ್ನು ಒಟ್ಟಿಗೆ ತಳ್ಳಿಹಾಕಿತು. ಯಾರನ್ನೂ ಗೆಲ್ಲಿಸದೆ ಪಂದ್ಯವನ್ನೇ ರದ್ದು ಮಾಡಿದ ಹಾಗೆ.

ಆಗ ಚಿಕಾಗೊ ಕೈ ಬೀಸಿತು. 2013ರಲ್ಲಿ ಲ್ಯೂಕಸ್ ಮದುವೆಯಾದ ಮೆಲೊಡಿ ಹಾಬ್ಸನ್ ಚಿಕಾಗೊದವರು, ಅಲ್ಲಿನ ಹೂಡಿಕೆ ಸಂಸ್ಥೆಯೊಂದರ ಅಧ್ಯಕ್ಷೆ. ಹೆಂಡತಿಯ ತವರು ಎಂಬ ಸಲಿಗೆಯ ಜೊತೆಗೆ ಮೇಯರ್ ರಾಮ್ ಇಮ್ಯಾನುಯೆಲ್ ಅವರ ಉತ್ಸಾಹವೂ ಸೇರಿತು. ಸಮಿತಿ ಕೂತು ಜಾಗ ತೋರಿಸಿದ್ದೂ ಆಯಿತು: ಮಿಷಿಗನ್ ಸರೋವರದ ದಂಡೆಯಲ್ಲಿ, ಸೋಲ್ಜರ್ ಫೀಲ್ಡ್ ಕ್ರೀಡಾಂಗಣದ ದಕ್ಷಿಣಕ್ಕಿದ್ದ 17 ಎಕರೆ ಪಾರ್ಕಿಂಗ್. ಸ್ಯಾನ್ ಫ್ರಾನ್ಸಿಸ್ಕೊ ಮೇಯರ್ ಎಚ್ಚೆತ್ತು ಬಂದರಿನ ಬಳಿ ಬೇರೆ ಜಾಗ ಕೊಡುತ್ತೇನೆಂದರು, ಲಾಸ್ ಏಂಜಲೀಸ್ ಮೇಯರ್ ಎರಿಕ್ ಗಾರ್ಸೆಟಿ ಟ್ವಿಟರ್‌ನಲ್ಲೇ ಪ್ರಚಾರಕ್ಕಿಳಿದರು. 2014ರ ಜೂನ್‌ನಲ್ಲಿ ಲ್ಯೂಕಸ್ ಚಿಕಾಗೊಗೆ ಹೂಂ ಅಂದರು. ಬೀಜಿಂಗ್‌ನ ಮಾ ಯಾನ್‌ಸಾಂಗ್ ಬರೆದ ನಕ್ಷೆ ನವೆಂಬರ್‌ನಲ್ಲಿ ಹೊರಬಿತ್ತು. ಬಿಳಿ ಕಲ್ಲು ಕರಗಿ ಗುಡ್ಡೆಯಾದಂತಿದ್ದ ಅದನ್ನು ನೋಡಿ, ಸ್ಟಾರ್ ವಾರ್ಸ್‌ನ ಬೊಜ್ಜಿನ ಖಳ ಜಬ್ಬಾ ದ ಹಟ್‌ನ ಅರಮನೆಯೇ ಇದು ಎಂದು ಜನ ನಕ್ಕರು.

ನಗು ಮ್ಯೂಸಿಯಂಗಳನ್ನು ಕೊಲ್ಲುವುದಿಲ್ಲ. ಇದನ್ನು ಕೆಡವಿದ್ದು ನೆಲದಡಿಯ ಇತಿಹಾಸ.

ಚಿಕಾಗೊದ ಸರೋವರ ದಂಡೆಗೆ ಒಂದು ಹಳೆಯ ವಚನವಿದೆ. 1836ರಲ್ಲಿ ಊರಿನ ನಿವೇಶನ ಗುರುತಿಸುವಾಗ ಕಾಲುವೆ ಕಮಿಷನರ್‌ಗಳು ದಂಡೆಯ ಒಂದು ಪಟ್ಟಿಯ ಮೇಲೆ, ಇದು ಸಾರ್ವಜನಿಕ ಜಾಗ, ಇಲ್ಲಿ ಎಂದೆಂದಿಗೂ ಯಾವ ಕಟ್ಟಡವೂ ಏಳಕೂಡದು ಎಂಬರ್ಥದ ಒಂದು ಸಾಲು ಬರೆದಿಟ್ಟರು. ಐವತ್ತು ವರ್ಷ ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕಿಡಲಿಲ್ಲ. ಟಪಾಲಿನಲ್ಲಿ ಸಾಮಾನು ಮಾರಿ ಶ್ರೀಮಂತನಾದ ಮಾಂಟ್ಗಮರಿ ವಾರ್ಡ್ ಎಂಬ ವ್ಯಾಪಾರಿ ಮಾತ್ರ 1890ರಿಂದ ಇಪ್ಪತ್ತು ವರ್ಷ ಅದೇ ಸಾಲು ಹಿಡಿದು ಕೋರ್ಟಿಗೆ ಅಲೆದ. ಅವನು ಅಡ್ಡಗಾಲು ಹಾಕಿದ ದೊಡ್ಡ ಯೋಜನೆ ಯಾವುದು ಗೊತ್ತೇ? ಒಂದು ಮ್ಯೂಸಿಯಂ! 1906ರಲ್ಲಿ ತೀರಿಕೊಂಡ ಮಾರ್ಷಲ್ ಫೀಲ್ಡ್ ಎಂಬ ಇನ್ನೊಬ್ಬ ವ್ಯಾಪಾರಿ 80 ಲಕ್ಷ ಡಾಲರ್ ಬರೆದಿಟ್ಟಿದ್ದ. ಆರು ವರ್ಷದೊಳಗೆ ಊರು ಪುಕ್ಕಟೆ ಜಾಗ ಕೊಡಬೇಕೆಂಬುದು ಅವನ ಷರತ್ತು. ಊರಿನ ದೊಡ್ಡವರೆಲ್ಲ ಅದೇ ದಂಡೆಯ ಗ್ರ್ಯಾಂಟ್ ಪಾರ್ಕ್ ನಡುವೆ ಕಟ್ಟೋಣವೆಂದರು. ವಾರ್ಡ್ ಗೆದ್ದ, ಎಲ್ಲರ ಬೈಗುಳವನ್ನೂ ತಿಂದ. ಫೀಲ್ಡ್ ಮ್ಯೂಸಿಯಂ ಇನ್ನೂ ದಕ್ಷಿಣಕ್ಕೆ ಸರಿದು 1921ರಲ್ಲಿ ತೆರೆಯಿತು. ಲ್ಯೂಕಸ್‌ಗೆ ತೋರಿಸಿದ ಪಾರ್ಕಿಂಗ್ ಅಲ್ಲಿಂದ ಕೂಗಳತೆ ದೂರ.

ದಂಡೆಯನ್ನು ಕಾಯುವ ಎರಡನೆಯ ಕಟ್ಟು ಈ ವಚನಕ್ಕಿಂತ ಗಟ್ಟಿ. 1869ರಲ್ಲಿ ಇಲಿನಾಯ್ ಶಾಸನಸಭೆ ಸರೋವರದ ತಳದ ಸುಮಾರು 1,000 ಎಕರೆಯನ್ನು ಇಲಿನಾಯ್ ಸೆಂಟ್ರಲ್ ರೈಲ್ವೆಗೆ ಬರೆದುಕೊಟ್ಟಿತು. ನಾಲ್ಕು ವರ್ಷಕ್ಕೆ ಬುದ್ಧಿ ಬಂದು ಹಿಂಪಡೆಯಿತು. ರೈಲ್ವೆ ಜಗಳಕ್ಕೆ ನಿಂತಿತು. 1892ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ನೀರಿನಡಿಯ ನೆಲವನ್ನು ಸರ್ಕಾರ ಜನರ ಪರವಾಗಿ ಇಟ್ಟುಕೊಂಡಿರುತ್ತದೆ, ಅದು ಖಾಸಗಿಯವರಿಗೆ ಕೊಡುವ ಸ್ವತ್ತಲ್ಲ ಎಂದಿತು. ಈ ತೀರ್ಪು ಹಡಗು ಹತ್ತಿ ನಮ್ಮ ಕಡೆಗೂ ಬಂದಿದೆ. ಕುಲು-ಮನಾಲಿಯ ಬಿಯಾಸ್ ನದಿ ದಂಡೆಯ ಮೋಟೆಲ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1996ರಲ್ಲಿ ಇದನ್ನೇ ಉದ್ಧರಿಸಿ, ಸಾರ್ವಜನಿಕ ನಂಬಿಕೆಯ ಸ್ವತ್ತು ಎಂಬ ತತ್ವವನ್ನು ಭಾರತದ ಕಾನೂನಿಗೆ ಸೇರಿಸಿತು. ಬೆಂಗಳೂರಿನ ಕೆರೆಗಳ ಮೊಕದ್ದಮೆಯಲ್ಲಿ ವಕೀಲರು ಎತ್ತುವುದೂ ಇದೇ ಮಾತು.

ಲ್ಯೂಕಸ್‌ಗೆ ತೋರಿಸಿದ ಪಾರ್ಕಿಂಗ್ ನಿಂತಿದ್ದು ಸರೋವರಕ್ಕೆ ಮಣ್ಣು ಸುರಿದು ಮಾಡಿದ ನೆಲದ ಮೇಲೆ. ಫ್ರೆಂಡ್ಸ್ ಆಫ್ ದ ಪಾರ್ಕ್ಸ್ ಎಂಬ ಸಂಘಟನೆ 2014ರ ನವೆಂಬರ್‌ನಲ್ಲಿ ಫೆಡರಲ್ ಕೋರ್ಟಿಗೆ ಹೋಗಿ ಹೇಳಿದ್ದಿಷ್ಟೆ: ಮಣ್ಣು ಸುರಿದ ಮಾತ್ರಕ್ಕೆ ಸರೋವರ ಯಾರಪ್ಪನ ಆಸ್ತಿಯೂ ಆಗುವುದಿಲ್ಲ. ಮೇಯರ್ ಕಡೆಯವರ ಉತ್ತರವೂ ಮೊದಲ ಕೇಳಿಕೆಗೆ ನ್ಯಾಯವಾಗಿಯೇ ಕಾಣುತ್ತಿತ್ತು. ಅಲ್ಲಿ ಹುಲ್ಲೂ ಇಲ್ಲ, ಮರವೂ ಇಲ್ಲ, ಬರೀ ಡಾಂಬರು; ಫುಟ್‌ಬಾಲ್ ಪಂದ್ಯದ ದಿನ ಬೇರ್ಸ್ ತಂಡದ ಅಭಿಮಾನಿಗಳು ಕಾರಿನ ಹಿಂಬಾಗಿಲು ತೆಗೆದು ಮಾಂಸ ಸುಡುವ ಜಾಗ; ಡಾಂಬರು ತೆಗೆದು ಹಸಿರು ಮಾಡುತ್ತೇವೆ, ಜೊತೆಗೆ ಮ್ಯೂಸಿಯಂ, ಬೇಡ ಎನ್ನುವವರಿಗೆ ತಲೆ ಸರಿಯಿದೆಯೇ? ಆದರೆ ಗುತ್ತಿಗೆ ಪತ್ರ 99 ವರ್ಷದ್ದು. ಡಾಂಬರನ್ನು ನಾಳೆ ಕಿತ್ತುಹಾಕಬಹುದು. ಖಾಸಗಿ ಸಂಸ್ಥೆಯ ಕೈಗೆ ಹೋದ ನೆಲವನ್ನು ಮೊಮ್ಮಕ್ಕಳ ಕಾಲಕ್ಕೂ ಬಿಡಿಸಿಕೊಳ್ಳಲು ಆಗುವುದಿಲ್ಲ. ಈ ವ್ಯತ್ಯಾಸ ಹಿಡಿದುಕೊಂಡದ್ದೇ ಆ ಸಂಘಟನೆಯ ಜಾಣತನ.

ನಕ್ಷೆ ಕುಗ್ಗಿತು, 2015ರಲ್ಲಿ ನಗರಸಭೆ ಒಪ್ಪಿಗೆಯೂ ಸಿಕ್ಕಿತು. 2016ರ ಫೆಬ್ರವರಿಯಲ್ಲಿ ನ್ಯಾಯಾಧೀಶ ಜಾನ್ ಡಾರಾ ಮೊಕದ್ದಮೆ ವಜಾ ಮಾಡಲು ಒಪ್ಪಲಿಲ್ಲ. ಹತ್ತಿರದ ಮೆಕಾರ್ಮಿಕ್ ಪ್ಲೇಸ್ ಸಭಾಕೇಂದ್ರದ ಒಂದು ಭಾಗ ಕೆಡವಿ ಅಲ್ಲಿ ಕಟ್ಟುವ ಮಾತೂ ಬಂತು. ಅದಕ್ಕೆ ದೊಡ್ಡ ಸಾರ್ವಜನಿಕ ಸಾಲ ಬೇಕಾಗಿತ್ತು, ಸಂಘಟನೆ ಅದಕ್ಕೂ ಬಗ್ಗಲಿಲ್ಲ. 2016ರ ಜೂನ್ 24ರಂದು ಲ್ಯೂಕಸ್ ಚಿಕಾಗೊ ಬಿಟ್ಟರು. ಕೋರ್ಟು ಕೊನೆಯ ತೀರ್ಪು ಹೇಳಲೇ ಇಲ್ಲ. ಹೇಳಿದ್ದರೆ ಏನಾಗುತ್ತಿತ್ತೋ, ಅದೇ ಊರಿನ ಜ್ಯಾಕ್ಸನ್ ಪಾರ್ಕ್‌ನಲ್ಲಿ ಒಬಾಮ ಕೇಂದ್ರ ಇಂಥದೇ ವ್ಯಾಜ್ಯ ಗೆದ್ದು ಎದ್ದು ನಿಂತಿದೆ. ಎಪ್ಪತ್ತು ದಾಟಿದ ದಾನಿಗೆ ಕಾಯುವ ತಾಳ್ಮೆ ಇರಲಿಲ್ಲ, ಅಷ್ಟೆ.

ಆ ಅಕ್ಟೋಬರ್‌ನಲ್ಲಿ ಲ್ಯೂಕಸ್ ಜಾಣ ವರ್ತಕನ ಪಟ್ಟು ಹಾಕಿದರು. ಒಬ್ಬನೇ ವಾಸ್ತುಶಿಲ್ಪಿಯಿಂದ ಎರಡು ನಕ್ಷೆ ಬರೆಸಿ ಒಟ್ಟಿಗೇ ಬಿಡುಗಡೆ ಮಾಡಿಸಿದರು. ಒಂದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಟ್ರೆಷರ್ ಐಲೆಂಡ್‌ಗೆ, ಇನ್ನೊಂದು ಲಾಸ್ ಏಂಜಲೀಸ್‌ನ ಎಕ್ಸ್‌ಪೊಸಿಷನ್ ಪಾರ್ಕ್‌ಗೆ. ಟ್ರೆಷರ್ ಐಲೆಂಡ್ 1939ರ ಜಾಗತಿಕ ಮೇಳಕ್ಕೆಂದು ನೀರಿಗೆ ಮಣ್ಣು ತುಂಬಿ ಮಾಡಿದ ದ್ವೀಪ. ನೋಟ ಸೊಗಸು, ತಲುಪುವುದು ಕಷ್ಟ. 2017ರ ಜನವರಿ 10ರಂದು ಲಾಸ್ ಏಂಜಲೀಸ್ ಹೆಸರು ಹೊರಬಂತು. ಅಲ್ಲಿನ ನಗರಸಭೆ ಜೂನ್‌ನಲ್ಲಿ ತಂಟೆಯಿಲ್ಲದೆ ಒಪ್ಪಿತು.

ಲಾಸ್ ಏಂಜಲೀಸ್‌ಗೆ ಕಲೆಯ ಮೇಲೆ ಹೆಚ್ಚು ಪ್ರೀತಿ ಎಂದಲ್ಲ. ಎಕ್ಸ್‌ಪೊಸಿಷನ್ ಪಾರ್ಕ್ ಯಾವತ್ತೂ ದೊಡ್ಡದನ್ನು ಇಳಿಸಿಕೊಂಡೇ ಬಂದ ಜಾಗ. ಒಂದು ಕಾಲಕ್ಕೆ ಜಾತ್ರೆ, ಕುದುರೆ ಪಂದ್ಯ. ಆಮೇಲೆ 1932 ಮತ್ತು 1984ರ ಒಲಿಂಪಿಕ್ಸ್ ನಡೆದ ಕೊಲಿಸಿಯಂ, ಮೂರು ಮ್ಯೂಸಿಯಂ. 2012ರಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯನ್ನು ವಿಮಾನ ನಿಲ್ದಾಣದಿಂದ ಬೀದಿಯಲ್ಲೇ ಎಳೆದು ಇಲ್ಲಿಗೆ ತಂದಾಗ, ದಾರಿಯುದ್ದಕ್ಕೂ ಸುಮಾರು 400 ಮರ ಉರುಳಿಸಿದ್ದರು. ರಸ್ತೆಯಾಚೆ ಲ್ಯೂಕಸ್ ಓದಿದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಬಾಗಿಲ ಬಳಿ ಮೆಟ್ರೊ, ಸುತ್ತ ಶಾಲೆಗಳು. ಇಲ್ಲೂ ಅವರಿಗೆ ಸಿಕ್ಕಿದ್ದು ಪಾರ್ಕಿಂಗ್ ಜಾಗವೇ. ಅದರ ಮೇಲೆ 1836ರ ಸಾಲಾಗಲಿ 1892ರ ತೀರ್ಪಾಗಲಿ ಇರಲಿಲ್ಲ; ಸಮುದ್ರ ಕಾಣಬೇಕು ಎಂದು ಹಟ ಹಿಡಿಯುವ ನೆರೆಯವರೂ ಇರಲಿಲ್ಲ. ಸುತ್ತಲಿನ ದಕ್ಷಿಣ ಲಾಸ್ ಏಂಜಲೀಸ್ ಬಡವರ, ಕರಿಯರ, ಲ್ಯಾಟಿನೊಗಳ ಕೇರಿ. ಮ್ಯೂಸಿಯಂ ಬಂದರೆ ಬಾಡಿಗೆ ಏರುತ್ತದೆ ಎಂಬ ಅಂಜಿಕೆ ಅವರಿಗೆ. ಆ ಅಂಜಿಕೆಗೆ ಹಿಡಿದುಕೊಳ್ಳಲು ಹಳೆಯ ನಕ್ಷೆಯೊಂದು ಇಲ್ಲ.

2018ರ ಮಾರ್ಚ್‌ನಲ್ಲಿ ಗುದ್ದಲಿ ಬಿತ್ತು. 2021ಕ್ಕೆ ತೆರೆಯುವ ಮಾತಿತ್ತು. ಅದು 2022, 2023, 2025 ಎಂದು ಜಾರುತ್ತ ಈಗ 2026ರ ಸೆಪ್ಟೆಂಬರ್ 22ಕ್ಕೆ ಬಂದು ನಿಂತಿದೆ. ಐದು ಅಂತಸ್ತು, 3 ಲಕ್ಷ ಚದರಡಿ. ಮೈಗೆ 1,500ಕ್ಕೂ ಹೆಚ್ಚು ಬಾಗಿದ ಫೈಬರ್ ಹಲಗೆಗಳು, ಒಂದರಂತೆ ಇನ್ನೊಂದಿಲ್ಲ. ದೂರದಿಂದ ನೆಲ ಮುಟ್ಟುವ ಮುಂಚೆ ತಡೆದ ವಿಮಾನದಂತೆ ಕಾಣುತ್ತದೆ. ಈ ನಡುವೆ ಜಗಳದ ಧೂಳಿನಲ್ಲಿ ಮರೆಯಾಗಿದ್ದ ಪ್ರಶ್ನೆ ತಲೆ ಎತ್ತಿದೆ: ಒಳಗೆ ಏನಿರಬೇಕು, ಯಾರು ತೀರ್ಮಾನಿಸಬೇಕು? ನಿರ್ದೇಶಕಿಯಾಗಿದ್ದ ಸಾಂಡ್ರಾ ಜ್ಯಾಕ್ಸನ್-ಡ್ಯುಮಾಂಟ್ ಕಾಲದಲ್ಲಿ ಸಂಗ್ರಹ ಹಿಗ್ಗಿತ್ತು. ಭಿತ್ತಿಚಿತ್ರಕಾರ್ತಿ ಜೂಡಿ ಬಾಕಾ ಅವರ ಲಾಸ್ ಏಂಜಲೀಸ್ ಗೋಡೆಚಿತ್ರದ ದಾಖಲೆಗಳು ಬಂದವು. ಕರಿಯ ಕಲಾವಿದ ರಾಬರ್ಟ್ ಕೋಲ್‌ಸ್ಕಾಟ್ ಅವರ ಒಂದೇ ಚಿತ್ರಕ್ಕೆ 2021ರಲ್ಲಿ 1.53 ಕೋಟಿ ಡಾಲರ್ ಕೊಟ್ಟರು. 2025ರ ವಸಂತದಲ್ಲಿ ಆಕೆ ಹೊರನಡೆದರು. ಏನು ತೂಗುಹಾಕಬೇಕು ಎಂಬ ಹೊಣೆ ಲ್ಯೂಕಸ್ ಕೈಗೇ ಬಂತು. ಮನೆ ಕಟ್ಟಿಸಿದವನೇ ಪಟ ತೂಗುಹಾಕುತ್ತೇನೆ ಅಂದರೆ ಬೇಡ ಅನ್ನುವುದು ಕಷ್ಟ. ಆದರೆ ಜಾಗ ಕೊಟ್ಟವರಿಗೂ ಒಂದು ಮಾತು ಇರಬೇಕಲ್ಲ!

ಲಾಸ್ ಏಂಜಲೀಸ್‌ನಲ್ಲಿ ಕಾರುಗಳನ್ನು ನೆಲದಡಿಗೆ ಇಳಿಸಿ, ಮೇಲೆ ಹುಲ್ಲು, ಮರ ಹಾಕಿದ್ದಾರೆ. ಚಿಕಾಗೊದ ಆ 17 ಎಕರೆ ಈಗಲೂ ಪಾರ್ಕಿಂಗೇ. ಪಂದ್ಯದ ಭಾನುವಾರ ಸರೋವರದ ಕಡೆಯಿಂದ ಕೊರೆಯುವ ಗಾಳಿ ಬೀಸುತ್ತಿರುತ್ತದೆ, ಇದ್ದಿಲು ಒಲೆಗಳ ಹೊಗೆ ಡಾಂಬರಿನ ಮೇಲೆ ತೇಲುತ್ತಿರುತ್ತದೆ.