ಜನಗಣತಿಯಲ್ಲಿ ಊರಿಗೆ ಬಸ್ಸಿದೆ, ನಮ್ಮ ಕೇರಿಗೆ ಯಾಕಿಲ್ಲ?

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಒಂದು ಹಳ್ಳಿ. ಊರೂರಿನ ಜನಸಂಖ್ಯೆ, ಸೌಕರ್ಯಗಳ ಪಟ್ಟಿಯಿರುವ 2011ರ ಜನಗಣತಿ ಕೈಪಿಡಿಯಲ್ಲಿ ನಮ್ಮೂರಿಗೆ ಬಸ್ ಸೌಕರ್ಯ ಇದೆ ಎಂದಿದೆ. ಆದರೆ ಬಸ್ ಹಿಡಿಯಲು ನಾವು ನಾಲ್ಕು ಕಿಲೋಮೀಟರ್ ನಡೆಯಬೇಕು. ಲೆಕ್ಕವೇ ತಪ್ಪಿದೆಯೇ?

ಉತ್ತರ: ಲೆಕ್ಕ ತಪ್ಪಿರಬೇಕೆಂದೇನೂ ಇಲ್ಲ. ಜನಗಣತಿ ಎಣಿಸುವುದು ಕಂದಾಯ ಗ್ರಾಮವನ್ನು, ಅಂದರೆ ನಿಮ್ಮ ಪಹಣಿಯಲ್ಲಿ ಗ್ರಾಮ ಎಂದು ಯಾವ ಹೆಸರಿದೆಯೋ ಅದನ್ನು. ಅದರೊಳಗಿನ ಮಜರೆ (ಗ್ರಾಮಕ್ಕೆ ಸೇರಿದ ಸಣ್ಣ ಊರು), ಕೇರಿಗಳಿಗೆ ಬೇರೆ ಸಾಲು ಇರುವುದಿಲ್ಲ. ಗ್ರಾಮದ ಗಡಿಯೊಳಗೆ ಯಾವುದೋ ಒಂದು ಕ್ರಾಸಿನಲ್ಲಿ ಬಸ್ ನಿಂತರೂ ಇಡೀ ಗ್ರಾಮಕ್ಕೆ ಬಸ್ ಬಂದಂತೆಯೇ.

ಬಯಲುಸೀಮೆಯಲ್ಲಿ ಇದರಿಂದ ದೊಡ್ಡ ತೊಂದರೆಯಿಲ್ಲ. ಅಲ್ಲಿ ಮನೆಗಳೆಲ್ಲ ಒಂದೆಡೆ, ಹೊಲ ಸುತ್ತಲೂ. ಘಟ್ಟದ ಮೇಲೆ ಹಾಗಲ್ಲ. ಅಡಿಕೆ ತೋಟದ ತಲೆಯಲ್ಲಿ ಎರಡು ಮನೆ, ಬೆಟ್ಟ ದಾಟಿದರೆ ಮತ್ತೆ ನಾಲ್ಕು, ನಡುವೆ ಹಳ್ಳ, ಹಳ್ಳಕ್ಕೊಂದು ಕಾಲುಸಂಕ. 2011ರಲ್ಲಿ ಉತ್ತರ ಕನ್ನಡದ ಜನಸಂಖ್ಯೆ 14,37,169. ಚದರ ಕಿಲೋಮೀಟರಿಗೆ ಸುಮಾರು 140 ಜನ. ರಾಜ್ಯದ ಸರಾಸರಿ 319. ಇಷ್ಟು ಚದುರಿದ ಜಿಲ್ಲೆಯಲ್ಲಿ ‘ಗ್ರಾಮಕ್ಕೆ ಬಸ್ಸಿದೆ’ ಎಂಬ ಒಂದೇ ಗುರುತು ಯಾರ ಅಂಗಳಕ್ಕೆ ಎಷ್ಟು ಹತ್ತಿರ ಎಂಬುದನ್ನು ಹೇಳಲಾರದು.

ಕೈಪಿಡಿಯಲ್ಲಿ ನಿಮ್ಮ ಗ್ರಾಮದ ಸಾಲನ್ನು ಇನ್ನೊಮ್ಮೆ ತೆಗೆದು ನೋಡಿ. ಸೌಕರ್ಯ ಇಲ್ಲದ ಕಡೆ ಅಕ್ಷರ ಹಾಕಿರುತ್ತಾರೆ: ಐದು ಕಿಲೋಮೀಟರಿಗಿಂತ ಹತ್ತಿರ ಸಿಗುವುದಾದರೆ ‘ಎ’, ಐದರಿಂದ ಹತ್ತರೊಳಗೆ ‘ಬಿ’, ಅದಕ್ಕೂ ದೂರ ‘ಸಿ’. ಕೊಂಕಣ ರೈಲು 1998ರಿಂದ ಕಾರವಾರ, ಕುಮಟಾ, ಹೊನ್ನಾವರದ ಮೇಲೆ ಓಡುತ್ತಿದೆ; ಶಿರಸಿ ಸೀಮೆಗೆ ರೈಲಿನ ಕಾಲಂನಲ್ಲಿ ‘ಸಿ’ಯೇ ಗತಿ. ಡಾಂಬರು ರಸ್ತೆ, ಸರ್ವಋತು ರಸ್ತೆ, ಕಾಲುದಾರಿ, ಜಲಮಾರ್ಗಕ್ಕೂ ಬೇರೆ ಬೇರೆ ಕಾಲಂ ಇವೆ. ಬಸ್ಸಿನ ಕಾಲಂ ಮಾತ್ರ ಓದಿ ಬಿಡಬೇಡಿ, ಸರ್ವಋತು ರಸ್ತೆಯದನ್ನೂ ನೋಡಿ. ನಮ್ಮ ಕಡೆಯ ಮಳೆಗಾಲದಲ್ಲಿ ನಿಜ ಹೇಳುವುದು ಅದೇ.

ಬಸ್ ದಿನಕ್ಕೆ ಎಷ್ಟು ಸಲ ಬರುತ್ತದೆ ಎಂಬುದು ಮಾತ್ರ ಅಲ್ಲಿಲ್ಲ. ರಾತ್ರಿ ಬಂದು ಉಳಿದು ಬೆಳಿಗ್ಗೆ ಹೊರಡುವ ಒಂದೇ ವಸ್ತಿ ಬಸ್ ಇರುವ ಊರೂ, ಗಂಟೆಗೊಂದು ಬಸ್ ಓಡುವ ಕುಮಟಾ ರಸ್ತೆಯ ಊರೂ ಆ ಪಟ್ಟಿಯಲ್ಲಿ ಸಮಸಮ. ಇದು ಪಟ್ಟಿಯ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ.

ಜನಸಂಖ್ಯೆಯ ಅಂಕಿಯನ್ನೂ ಎಚ್ಚರದಿಂದ ಓದಬೇಕು. ಬೆಂಗಳೂರಲ್ಲಿ ನೆಲೆಸಿದ ಮಗನನ್ನು ಬೆಂಗಳೂರಲ್ಲೇ ಎಣಿಸುತ್ತಾರೆ. ಅಷ್ಟಮಿಗೋ ಚೌತಿಗೋ ಮನೆ ತುಂಬಿದ್ದು ಲೆಕ್ಕಕ್ಕಿಲ್ಲ.

ಇನ್ನು ರಸ್ತೆ. 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಕಂದಾಯ ಗ್ರಾಮವನ್ನಲ್ಲ, ಜನವಸತಿಯನ್ನೇ ಅಳತೆಗೆ ತೆಗೆದುಕೊಂಡಿತು. ಅದು ಒಳ್ಳೆಯದೇ. ಆದರೆ ಬಯಲು ಪ್ರದೇಶಕ್ಕೆ ಇಟ್ಟ ಮಿತಿ 2001ರ ಜನಗಣತಿಯಂತೆ 500 ಜನ. ಐದುನೂರು ಮೀಟರ್ ಒಳಗಿನ ಮನೆಗಳನ್ನು ಒಟ್ಟು ಸೇರಿಸಿ ಎಣಿಸಬಹುದಿತ್ತು, ನಿಜ. ನಮ್ಮಲ್ಲಿ ಅಷ್ಟು ಅಂತರದಲ್ಲಿ ಐದಾರು ಮನೆ ಸಿಕ್ಕರೆ ಅದೇ ದೊಡ್ಡ ಕೇರಿ! ಗುಡ್ಡಗಾಡು ರಾಜ್ಯಗಳಿಗೆ, ಬುಡಕಟ್ಟು ಪ್ರದೇಶಗಳಿಗೆ ಮಿತಿ 250ಕ್ಕೆ ಇಳಿದಿತ್ತು; ನಮ್ಮ ಘಟ್ಟ ಆ ಲೆಕ್ಕಕ್ಕೆ ಬರಲಿಲ್ಲ.

ಹಾಗಾಗಿ ಬಸ್ಸಿಗೆ ಅರ್ಜಿ ಬರೆಯುವಾಗ ಗ್ರಾಮದ ಒಟ್ಟು ಜನಸಂಖ್ಯೆ ಹಾಕಿ ಪ್ರಯೋಜನವಿಲ್ಲ. ಕೈಪಿಡಿಯಂತೆ ಬಸ್ ಆಗಲೇ ಇದೆಯಲ್ಲ! ಮಜರೆಯ ಹೆಸರು, ಮನೆ ಎಷ್ಟು, ಶಾಲೆ-ಕಾಲೇಜಿಗೆ ಹೋಗುವ ಮಕ್ಕಳು ಎಷ್ಟು, ಈಗಿನ ಬಸ್ ಎಲ್ಲಿಂದ ತಿರುಗಿ ಹೋಗುತ್ತದೆ, ಎಷ್ಟು ಮುಂದೆ ಬರಬೇಕು, ಇಷ್ಟನ್ನು ಬರೆದು ವಾಯವ್ಯ ಸಾರಿಗೆಯ ಡಿಪೋ ಮ್ಯಾನೇಜರರಿಗೂ ಗ್ರಾಮ ಪಂಚಾಯತಿಗೂ ಕೊಡಿ. ಬಸ್ ತಿರುಗಿಸಲು ಜಾಗ ಎಲ್ಲಿದೆ ಎಂಬುದನ್ನು ಮರೆಯದೆ ಸೇರಿಸಿ. ಅದು ಯಾರದಾದರೂ ಖಾಸಗಿ ಜಾಗವಾಗಿದ್ದರೆ ಅವರ ಒಪ್ಪಿಗೆಯನ್ನು ಮೊದಲೇ ಬರೆಸಿಟ್ಟುಕೊಳ್ಳಿ.