ಕೋಲದ ಫೋಟೋ, ಕ್ಯಾಪ್ಶನ್ ಸಮೇತ

ಫೋಟೋಗ್ರಫಿ ಕಲಿಯುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ನಾವೆಲ್ಲ ಕಾಸರಗೋಡು ಜಿಲ್ಲೆಯ ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆಯವರು. ಕೋಲ, ತೆಯ್ಯಂ (ಎರಡೂ ವೇಷ ಕಟ್ಟಿ ಕುಣಿಯುವ ದೈವಾರಾಧನೆ), ಯಕ್ಷಗಾನ ಮನೆ ಬಾಗಿಲಲ್ಲೇ ಉಂಟು. ನಮ್ಮ ತೊಂದರೆಯೂ ಅದೇ. ನಮಗೆ ಗೊತ್ತಿರುವುದು ನೋಡುವವರಿಗೂ ಗೊತ್ತು ಅಂದುಕೊಂಡು ಸುಮ್ನೆ ಕ್ಲಿಕ್ ಮಾಡುತ್ತೇವೆ. ಅದೇ ಫೋಟೋ ಪೋಲೆಂಡಿಗೆ ಹೋದರೆ ಅಲ್ಲಿಯವರಿಗೆ ಕಾಣುವುದು ಹಳದಿ ಮುಖ, ಸ್ವಲ್ಪ ಬೆಂಕಿ. ಅಷ್ಟೇ.

ನನ್ನದೇ ತಪ್ಪು ಮೊದಲು ಹೇಳುತ್ತೇನೆ. ಮಂಜೇಶ್ವರ ಕಡೆಯ ಒಂದು ಮನೆಯ ಕೋಲದಲ್ಲಿ ತೆಗೆದ ಪಂಜುರ್ಲಿ ದೈವದ ಫೋಟೋವನ್ನು, ಯಾರು ಬೇಕಾದರೂ ಬಳಸಬಹುದಾದ ಫೋಟೋಗಳ ಜಾಲತಾಣ ವಿಕಿಮೀಡಿಯಾ ಕಾಮನ್ಸ್‌ಗೆ ಹಾಕಿದ್ದೆ. ಕ್ಯಾಪ್ಶನ್: ‘ತೆಯ್ಯಂ, ಕೇರಳ’. ಕೇರಳ ಅನ್ನುವುದು ಸುಳ್ಳಲ್ಲ, 1956ರಿಂದ ಅಲ್ಲೇ ಇದ್ದೇವೆ. ಆ ಮನೆಯ ಅಜ್ಜನಿಗೆ ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು. “ಫೋಟೋ ಚಂದ ಬಂದಿದೆ ಮಾರಾಯ. ಇದು ಯಾರ ಮನೆಯದ್ದು?” ಅಂದರು. ಅವರದ್ದೇ ಅಂಗಳ!

ಚಂದ್ರಗಿರಿ ಹೊಳೆಯನ್ನು ತುಳುನಾಡಿನ ಹಳೇ ಗಡಿ ಅನ್ನುತ್ತಾರೆ. ತೆಂಕಿಗೆ ಹೋದ ಹಾಗೆ ತೆಯ್ಯಂ ಜಾಸ್ತಿ, ಹಾಡು ಮಲಯಾಳದ ತೋಟ್ಟಂ. ಬಡಗಿಗೆ ಕೋಲ, ಹಾಡು ತುಳು ಪಾಡ್ದನ. ನಡುವಿನ ಊರುಗಳಲ್ಲಿ ಎರಡೂ ನಡೆಯುತ್ತದೆ. ಹಾಗಾಗಿ ನಾವೇ ಗೆರೆ ಎಳೆಯುವುದು ಬೇಡ, ‘ಇದಕ್ಕೆ ನೀವು ಏನು ಹೇಳ್ತೀರಿ?’ ಅಂತ ಮನೆಯವರನ್ನೇ ಕೇಳಿದರಾಯಿತು.

ಈ ದೈವಗಳಿಗೇ ಹೇಳುವ ‘ಭೂತ’ ಅನ್ನುವ ಪದಕ್ಕೆ ಇಂಗ್ಲಿಷಿನಲ್ಲಿ ಏನು ಬರೆಯುವುದು? ಇದು ಹಳೇ ತಲೆನೋವು. ಬ್ರಿಟಿಷ್ ಅಧಿಕಾರಿ ಎ.ಸಿ. ಬರ್ನೆಲ್ ಪಾಡ್ದನಗಳನ್ನು ಕೂಡಿಸಿಟ್ಟಿದ್ದರು. ಅವರು ತೀರಿಹೋದ ಮೇಲೆ, 1894ರಿಂದ ಅವು ಅಚ್ಚಾದವು. ತಲೆಬರಹದಲ್ಲೇ ‘ಡೆವಿಲ್ ವರ್ಷಿಪ್’ (ಪಿಶಾಚಿ ಪೂಜೆ)! ಕೆಲಸ ದೊಡ್ಡದು, ಹಣೆಪಟ್ಟಿ ಕೆಟ್ಟದು. ಇವತ್ತಿಗೂ ‘ಡೆಮನ್ ಡ್ಯಾನ್ಸರ್’ ಅಂತ ಬರೆಯುವವರಿದ್ದಾರೆ, ಅದೂ ನಮ್ಮವರೇ. ‘ದೈವ’ ಅಂತಲೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಮನೆ ಮತ್ತು ಭೂಮಿಯನ್ನು ಕಾಯುವ ಶಕ್ತಿ ಅಂತ ಅರ್ಧ ಸಾಲು ಸೇರಿಸಿ. ಇನ್ನೊಂದು: ಪಾತ್ರಿ (ಮೈಮೇಲೆ ದರ್ಶನ ಬರುವವರು) ಬೇರೆ, ದೈವ ಕಟ್ಟುವವರು (ವೇಷ ಕಟ್ಟಿ ಕುಣಿಯುವವರು) ಬೇರೆ. ಕ್ಯಾಪ್ಶನ್ನಿನಲ್ಲಿ ಇಬ್ಬರನ್ನೂ ಕಲಸಬೇಡಿ.

ಈಗ ಬೆಳಕು. ಇಲ್ಲಿ ನಾನು ಜಾಸ್ತಿ ಎಡವಿದ್ದೇನೆ. ಮುಖಕ್ಕೆ ಹಚ್ಚುವ ಹಳದಿ ಅರದಾಳ, ಸೂಟೆಯ (ತೆಂಗಿನ ಒಣಗರಿಯ ಪಂಜು) ಬೆಳಕಿಗೆ ಬಂಗಾರದ ಹಾಗೆ ಕಾಣುತ್ತದೆ. ಕ್ಯಾಮೆರಾ ಆಟೋ ವೈಟ್ ಬ್ಯಾಲೆನ್ಸಿನಲ್ಲಿದ್ದರೆ, ಅಂದರೆ ಬಣ್ಣವನ್ನು ತಾನೇ ಹೊಂದಿಸುವ ಹಾಗಿದ್ದರೆ, ಬೆಂಕಿಯ ಕೆಂಪನ್ನು ‘ಸರಿ ಮಾಡಲು’ ಹೋಗಿ ಆ ಹಳದಿಯನ್ನು ಪೇಲವ ಮಾಡುತ್ತದೆ. ನಾನು ವೈಟ್ ಬ್ಯಾಲೆನ್ಸನ್ನು 3200 ಕೆಲ್ವಿನ್ ಆಸುಪಾಸಿಗೆ ಇಟ್ಟು, ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆದು, ಆಮೇಲೆ ನೋಡಿಕೊಳ್ಳುತ್ತೇನೆ. ಎರಡನೇ ಬಲೆ ಕೆಂಪು ಬಟ್ಟೆ. ಸಾಮಾನ್ಯ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿಯಾಗಿಯೇ ಕಾಣುತ್ತದೆ, ಒಳಗೆ ಕೆಂಪು ಚಾನೆಲ್ ಮಾತ್ರ ತುಂಬಿ ಹೊರಚೆಲ್ಲಿರುತ್ತದೆ. ಬಟ್ಟೆಯ ನೆರಿಗೆಯೆಲ್ಲ ಹೋಗಿ ಒಂದೇ ಕೆಂಪು ಮುದ್ದೆ. ಮೂರೂ ಬಣ್ಣದ ಹಿಸ್ಟೋಗ್ರಾಮ್ ನೋಡಿ, ಎಕ್ಸ್‌ಪೋಷರ್ ಸ್ವಲ್ಪ ಕಡಿಮೆ ಮಾಡಿ.

ಈಗ ಅಂಗಳದಲ್ಲಿ ಎಲ್‌ಇಡಿ ದೀಪಗಳೂ ಇರುತ್ತವೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ 1/500 ಇಟ್ಟರೆ ಫೋಟೋದಲ್ಲಿ ಅಡ್ಡ ಪಟ್ಟೆ ಬರಬಹುದು. 1/100 ಅಥವಾ 1/50 ಇಟ್ಟರೆ ಆ ಕಾಟ ತಪ್ಪುತ್ತದೆ. ದೈವ ಸುತ್ತು ತಿರುಗುವಾಗ ಸಿರಿ (ತೆಂಗಿನ ಗರಿಯ ಉಡುಗೆ) ಮಸುಕಾಗುತ್ತದೆ, ಆಗಲಿ. ಮುಖ ಒಂದು ಕ್ಷಣ ನಿಲ್ಲುತ್ತದಲ್ವಾ, ಆಗ ಒತ್ತಿ. ಫ್ಲಾಶ್ ಬೇಡವೇ ಬೇಡ. ಫೋಕಸ್‌ಗೆ ಸಹಾಯ ಮಾಡುವ ಆ ಸಣ್ಣ ಕೆಂಪು ದೀಪವನ್ನೂ ಆಫ್ ಮಾಡಿ, ನೇರ ಕಣ್ಣಿಗೇ ಹೊಡೆಯುತ್ತದೆ.

ನನ್ನ ಪ್ರಕಾರ ಒಳ್ಳೇ ಫೋಟೋಗಳು ಕುಣಿತ ಶುರುವಾಗುವ ಮೊದಲೇ ಸಿಗುತ್ತವೆ. ಎಲ್ಲರೂ ಊಟಕ್ಕೆ ಹೋದ ಹೊತ್ತಿಗೆ ಮೂಲೆಯಲ್ಲೊಬ್ಬರು ಎಳೆ ತೆಂಗಿನ ಗರಿಯನ್ನು ಉಗುರಿನಿಂದ ಸೀಳುತ್ತಾ ಸಿರಿ ಕಟ್ಟುತ್ತಿರುತ್ತಾರೆ. ಪಕ್ಕದಲ್ಲಿ ಗಗ್ಗರ (ಕಾಲಿನ ಗೆಜ್ಜೆ), ಅರ್ಧ ಕುಡಿದ ಚಹಾ. ದೈವ ಕಟ್ಟುವವರಿಗೆ ಮನೆಯವರು ಎಣ್ಣೆ ಬೂಳ್ಯ ಕೊಡುವುದನ್ನು ಬಿಡಲೇಬೇಡಿ. ಎಣ್ಣೆ, ವೀಳ್ಯ ತೆಗೆದುಕೊಂಡು ಮಿಂದು ಬಂದ ಮೇಲೆಯೇ ಬಣ್ಣ. ದೂರದ ಓದುಗನಿಗೆ ಈ ಒಂದು ಫೋಟೋ ಸಾಕು, ಹಳದಿ ಮುಖದ ಹಿಂದೆ ಒಬ್ಬ ಮನುಷ್ಯ, ಅವನಿಗೂ ಮನೆಗೂ ಒಂದು ಒಪ್ಪಂದ ಉಂಟು ಅಂತ ತಿಳಿಯಲು.

ಒಪ್ಪಿಗೆ ಎರಡು ಕಡೆ ಕೇಳಬೇಕು: ಮನೆಯ ಯಜಮಾನರಲ್ಲಿ, ದೈವ ಕಟ್ಟುವವರಲ್ಲಿ. ಬರೀ ‘ಫೋಟೋ ತೆಗೀಲಾ?’ ಅಂದರೆ ಸಾಲದು. ಫೆಬ್ರವರಿಯಲ್ಲಿ ಶುರುವಾಗುವ, ಕಾಮನ್ಸ್‌ನದ್ದೇ ಆದ ವಿಕಿ ಲವ್ಸ್ ಫೋಕ್‌ಲೋರ್ ಸ್ಪರ್ಧೆಗೆ ಹಾಕಿದರೆ ಅದು ಮುಕ್ತ ಪರವಾನಗಿ. ಹೆಸರು ಹಾಕಿ, ಪರವಾನಗಿಯ ಷರತ್ತು ಪಾಲಿಸಿದರೆ ಸಾಕು, ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು. ಕೊಟ್ಟ ಮೇಲೆ ವಾಪಸು ಇಲ್ಲ. ನಾನು ಹೀಗೆ ಹೇಳುತ್ತೇನೆ: “ನಾಳೆ ಯಾವುದೋ ದೇಶದ ಕ್ಯಾಲೆಂಡರಿನಲ್ಲಿ ನಿಮ್ಮ ಮುಖ ಬರಬಹುದು, ಆಗುತ್ತದಾ?” ಒಬ್ಬರು ನಗುತ್ತಾ ಒಪ್ಪಿದರು. ಇನ್ನೊಬ್ಬರು ಬೇಡ ಅಂದರು, ಆ ಫೋಟೋ ನನ್ನ ಹಾರ್ಡ್ ಡಿಸ್ಕಿನಲ್ಲೇ ಇದೆ. ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಅರ್ಜಿ ಹಾಕುವಾಗಲೂ 10 ಫೋಟೋಗಳ ಜೊತೆ ಆ ಸಮುದಾಯದ ಒಪ್ಪಿಗೆಗೆ ಪುರಾವೆ ಕೊಡಬೇಕು.

ಕಾಮನ್ಸ್‌ನಲ್ಲಿ ಕ್ಯಾಪ್ಶನ್ ಯಾವಾಗ ಬೇಕಾದರೂ ತಿದ್ದಬಹುದು, ಹಲವು ಭಾಷೆಗಳಲ್ಲಿ ಹಾಕಬಹುದು. ಇಂಗ್ಲಿಷ್, ಕನ್ನಡ, ತುಳು ಮೂರರಲ್ಲೂ ಹೊಸದಾಗಿ ಬರೆದು ಅಜ್ಜನಿಗೆ ಮತ್ತೆ ತೋರಿಸಿದೆ. ಕನ್ನಡದ್ದು ಓದಿದರು, ಮೊಬೈಲ್ ವಾಪಸು ಕೊಟ್ಟರು. “ಬರೀ ಪಂಜುರ್ಲಿ ಅಂದರೆ ಯಾವುದು? ಕುಪ್ಪೆ ಪಂಜುರ್ಲಿ ಅಂತ ಹಾಕು.” ಅಲ್ಲೇ ಜಗಲಿಯಲ್ಲಿ ಕೂತು ಮೂರು ಭಾಷೆಯಲ್ಲೂ ತಿದ್ದಿದೆ.